ಐನೂರು ಬಂದೂಕು ಸಿಕ್ಕ ಬೂದಿಕೋಟೆಯ ಹುಡುಗ

ಬೆಂಗಳೂರಿನಲ್ಲಿ ಎಲ್ಲಿ ಗುಂಡಿನ ಸದ್ದು ಕೇಳಿದರೂ ನಮ್ಮ ಎಂಜಿನಿಯರಿಂಗ್ ಕಾಲೇಜಿನ ವಾಟ್ಸಾಪ್ ಗುಂಪಿನಲ್ಲಿ ಒಂದೇ ವಾದ ಶುರುವಾಗುತ್ತೆ. ಒಳ್ಳೆಯವರ ಕೈಗೂ ಒಂದೊಂದು ಪಿಸ್ತೂಲು ಕೊಟ್ಟುಬಿಡಿ, ಊರು ತಾನಾಗೇ ಸರಿಹೋಗುತ್ತೆ ಅಂತ. ಹಾಗನ್ನುವವರಿಗೆ ನಾನು ಹೈದರ್ ಅಲಿಯ ಬದುಕು ಓದಿ ಅಂತೀನಿ. ಟಿಪ್ಪು ಬಗ್ಗೆ ಜಗಳ ಆಡುವ ಭರದಲ್ಲಿ ಅವನ ಅಪ್ಪನನ್ನು ನಾವು ಮರೆತೇಬಿಟ್ಟಿದ್ದೀವಿ.

ಕೋಲಾರ ಸೀಮೆಯಲ್ಲಿ ಒಂದು ಕಾಲಕ್ಕೆ ಭದ್ರತೆ ಅಂದರೆ ಪಾಳೆಗಾರ. ಸುಗಟೂರಿನ ತಮ್ಮೇಗೌಡರ ವಂಶ ಹೊಸಕೋಟೆ, ಕೋಲಾರಗಳನ್ನು ಆಳಿತ್ತು. ಕೋಟೆ ಅವರದು, ಕಾವಲು ಅವರದು, ಆಯುಧವೂ ಅವರದೇ. 17ನೇ ಶತಮಾನದಲ್ಲಿ ಬಿಜಾಪುರದ ಸೈನ್ಯ ಬಂದು ಕೋಲಾರ ಕೈತಪ್ಪಿತು, ಶಹಾಜಿಯ ಜಾಗೀರಾಯಿತು. ಆಮೇಲೆ ಮೊಘಲರು ಬಂದರು, ಸಿರಾದಲ್ಲಿ ಸುಬೇದಾರ ಕೂತ. ಆ ಸಿರಾ ಸರ್ಕಾರದ ಕೈಕೆಳಗೆ ಕೋಲಾರದ ಫೌಜುದಾರನಾಗಿದ್ದವನು ಫತೇ ಮುಹಮ್ಮದ್. ಬೂದಿಕೋಟೆ ಅವನ ಜಾಗೀರು. 1720ರ ಆಸುಪಾಸಿನಲ್ಲಿ ಹೈದರ್ ಹುಟ್ಟಿದ್ದು ಅಲ್ಲೇ.

ಹುಡುಗನಿಗೆ ಆರೇಳು ವರ್ಷ ಇರುವಾಗ ಅಪ್ಪ ಯುದ್ಧದಲ್ಲಿ ಸತ್ತ. ಸಾಲ ವಸೂಲಿ ನೆಪದಲ್ಲಿ ದೊಡ್ಡಬಳ್ಳಾಪುರದ ಅಧಿಕಾರಿ ಮನೆಯವರನ್ನು ಹಿಡಿದಿಟ್ಟ. ಹೈದರನನ್ನೂ ಅವನಣ್ಣ ಶಹಬಾಜನನ್ನೂ ನಗಾರಿಯೊಳಗೆ ಕೂರಿಸಿ ಮೇಲಿಂದ ಬಾರಿಸಿದರು ಅಂತ ಒಂದು ಕಥೆಯಿದೆ. ಕೇಳೋಕೆ ಠಾಣೆ ಇಲ್ಲ, ಕೋರ್ಟಿಲ್ಲ. ಆಯುಧ ಯಾರ ಹತ್ತಿರ ಇತ್ತೋ ಅವರದೇ ಕಾನೂನು.

ಹೈದರ್ ಓದು ಬರಹ ಕಲಿಯಲಿಲ್ಲ. 1749ರ ದೇವನಹಳ್ಳಿ ಮುತ್ತಿಗೆಯಲ್ಲಿ ಮೈಸೂರಿನ ದಳವಾಯಿಯ ಕಣ್ಣಿಗೆ ಬಿದ್ದ. ಮಾರನೇ ವರ್ಷ ಡಿಸೆಂಬರಿನಲ್ಲಿ ಸೆಂಜಿಯ ಹತ್ತಿರ ನಿಜಾಮ ನಾಸಿರ್ ಜಂಗ್ ಕೊಲೆಯಾದ. ಪಾಳಯ ಚೆಲ್ಲಾಪಿಲ್ಲಿ. ಆ ಗದ್ದಲದಲ್ಲಿ ಹೈದರನ ಬೇಡರ ಪಡೆಗೆ ಖಜಾನೆಯ ಒಂದು ಪಾಲು ಸಿಕ್ಕಿತು, ಜೊತೆಗೆ ಸುಮಾರು 300 ಕುದುರೆ, 500 ಬಂದೂಕು. ಫ್ರೆಂಚರ ಕಡೆಯಿಂದ ಓಡಿಬಂದ ಸಿಪಾಯಿಗಳನ್ನು ಹಿಡಿದು ತನ್ನವರಿಗೆ ಕವಾಯತು ಕಲಿಸಿದ. ಈಗಿನ ಭಾಷೆಯಲ್ಲಿ ಹೇಳೋದಾದರೆ, ಲೆಕ್ಕಕ್ಕೆ ಸಿಗದ ಆಯುಧ ಖಾಸಗಿ ಕೈಗೆ ಹೋಯಿತು. ಅದಾಗಿ ಹನ್ನೊಂದನೇ ವರ್ಷಕ್ಕೆ ಆ ಕೈ ಇಡೀ ಮೈಸೂರನ್ನು ಹಿಡಿದಿತ್ತು.

ನಡುವೆ ನಡೆದದ್ದೂ ಸ್ವಾರಸ್ಯವಾಗಿದೆ. 1755ರಲ್ಲಿ ದಿಂಡಿಗಲ್ಲಿನ ಫೌಜುದಾರನಾಗಿ ಹೋದವನು ಫ್ರೆಂಚ್ ಕುಶಲಕರ್ಮಿಗಳನ್ನು ಕರೆಸಿ ಆಯುಧ ಕಾರ್ಖಾನೆ ಹಾಕಿದ. ಗಾಯಗೊಂಡವರು 67 ಮಂದಿ ಇದ್ದರೆ 700 ಮಂದಿಗೆ ಅರಿಸಿನದ ಬಟ್ಟೆ ಸುತ್ತಿ ಪರಿಹಾರ ಪಡೆದ ಎಂದು ವಿಲ್ಕ್ಸ್ ಬರೆದಿದ್ದಾನೆ. ವಿಲ್ಕ್ಸ್ ಇಂಗ್ಲಿಷರವನು, ಸ್ವಲ್ಪ ಉಪ್ಪು ಖಾರ ಹಾಕಿರಬಹುದು. ಆದರೂ ಬೋಗಸ್ ಬಿಲ್ಲಿನ ಕಲೆ ನಮ್ಮಲ್ಲಿ ನಿನ್ನೆ ಮೊನ್ನೆಯದಲ್ಲ ಅಂತ ಗೊತ್ತಾಗುತ್ತೆ.

ನನ್ನ ಪ್ರಕಾರ ಅವನ ಬದುಕಿನ ಮುಖ್ಯ ಘಟನೆ ಯುದ್ಧದ್ದಲ್ಲ, ಸಂಬಳದ್ದು. 1758ರ ಹೊತ್ತಿಗೆ ಶ್ರೀರಂಗಪಟ್ಟಣದ ಸೈನ್ಯಕ್ಕೆ ತಿಂಗಳುಗಟ್ಟಲೆ ಸಂಬಳ ಬಾಕಿ. ಸಿಪಾಯಿಗಳು ದಳವಾಯಿಯ ಬಾಗಿಲಲ್ಲೇ ಧರಣಿ ಕೂತರು. ಮದ್ದುಗುಂಡು ಇರುವವನು ಹಸಿದು ಕೂತರೆ ಪಟ್ಟಣ ನಿದ್ದೆ ಮಾಡೋದು ಹೇಗೆ? ಹೈದರ್ ಲೆಕ್ಕ ತೆಗೆಸಿದ, ಸುಳ್ಳು ಬಾಕಿ ಹೊಡೆದುಹಾಕಿದ, ನಿಜವಾದ ಬಾಕಿ ಕೊಟ್ಟ, ಬೇಡದವರನ್ನು ಮನೆಗೆ ಕಳಿಸಿದ. ಸೈನ್ಯ ಅವನ ಹಿಂದೆ ಬಂತು. 1760ರ ಆಗಸ್ಟಿನಲ್ಲಿ ಖಂಡೇರಾಯ ಕೋಟೆಯ ತೋಪುಗಳನ್ನು ಅವನ ಮೇಲೇ ತಿರುಗಿಸಿದಾಗ ಹೆಂಡತಿ ಮಕ್ಕಳನ್ನು ಬಿಟ್ಟು ಬೆಂಗಳೂರಿಗೆ ಓಡಿದ. ಮರುವರ್ಷ ವಾಪಸು ಬಂದು ಗೆದ್ದ.

ಗೆದ್ದವನು ತಾನು ಹತ್ತಿದ ಏಣಿಯನ್ನು ಇನ್ನೊಬ್ಬರಿಗೆ ಬಿಡಲಿಲ್ಲ. ಪಾಳೆಯಗಳನ್ನು ಒಂದೊಂದಾಗಿ ನುಂಗಿದ. ಆನೇಕಲ್ಲಿನಲ್ಲಿ ಉಳಿದಿದ್ದ ಸುಗಟೂರು ವಂಶದ ಕವಲಿನ ಪಾಳೆಯವೂ ಹೋಯಿತು. ಬಂದೂಕು ಸರ್ಕಾರದ್ದು, ಸಂಬಳವೂ ಸರ್ಕಾರದ್ದು ಅನ್ನುವ ಪದ್ಧತಿ ಬೇರೂರಿತು. ಇದನ್ನು ಶಾಂತಿ ಅಂತ ಕರೆಯೋಕೆ ನನಗೆ ಮನಸ್ಸಿಲ್ಲ. ಚಿತ್ರದುರ್ಗದವರನ್ನು, ಮಲಬಾರಿನವರನ್ನು ಕೇಳಿದರೆ ಬೇರೆ ಕಥೆ ಹೇಳುತ್ತಾರೆ. ಆಯುಧ ಒಂದೇ ಕೈಗೆ ಬಂತು ನಿಜ, ಆದರೆ ಆ ಕೈಯನ್ನು ಹಿಡಿಯುವವರು ಯಾರೂ ಇರಲಿಲ್ಲ.

ಅದಕ್ಕೇ 1959ರ ಶಸ್ತ್ರಾಸ್ತ್ರ ಕಾಯ್ದೆ ನನಗೆ ಬರೀ ಲೈಸೆನ್ಸ್ ಕಾಗದ ಅನ್ನಿಸೋದಿಲ್ಲ. 2019ರ ತಿದ್ದುಪಡಿ ಬಂದ ಮೇಲೆ ಸಾಮಾನ್ಯ ಲೈಸೆನ್ಸುದಾರನಿಗೆ ಎರಡೇ ಬಂದೂಕು. ಮದುವೆ ಮೆರವಣಿಗೆಯಲ್ಲಿ ಜನರ ಜೀವಕ್ಕೆ ಅಪಾಯ ಆಗುವಂತೆ ಗುಂಡು ಹಾರಿಸಿದರೂ ಜೈಲು. ಆದರೆ 2015ರಲ್ಲಿ ಧಾರವಾಡದಲ್ಲಿ ಕಲಬುರ್ಗಿಯವರನ್ನು, 2017ರಲ್ಲಿ ಬೆಂಗಳೂರಿನಲ್ಲಿ ಗೌರಿ ಲಂಕೇಶರನ್ನು ಕೊಂದದ್ದು ನಾಡ ಪಿಸ್ತೂಲು. ಅದಕ್ಕೆ ಯಾವ ಕಚೇರಿಯಲ್ಲೂ ಲೆಕ್ಕವಿಲ್ಲ. ಲೈಸೆನ್ಸ್ ಸಡಿಲ ಮಾಡಿ ಅನ್ನುವ ಗೆಳೆಯರು ಈ ಕಳ್ಳದಾರಿ ಮುಚ್ಚುವ ಬಗ್ಗೆ ಯಾಕೋ ಮಾತೇ ಆಡಲ್ಲ.

ಬೆನ್ನ ಮೇಲಿನ ಹುಣ್ಣಿನಿಂದ ನರಳಿ ಹೈದರ್ 1782ರ ಡಿಸೆಂಬರ್ 7ರಂದು ಚಿತ್ತೂರಿನ ಹತ್ತಿರದ ಪಾಳಯದಲ್ಲಿ ಸತ್ತ. ಟಿಪ್ಪು ಇದ್ದದ್ದು ಮಲಬಾರಿನಲ್ಲಿ. ಒಡೆಯನಿಲ್ಲ ಅಂತ ಗೊತ್ತಾದರೆ ಅಷ್ಟು ಸಾವಿರ ಬಂದೂಕು ಯಾವ ಕಡೆ ತಿರುಗುತ್ತವೋ ಅನ್ನುವ ಭಯಕ್ಕೆ ಮಂತ್ರಿಗಳು ಸಾವನ್ನೇ ಮುಚ್ಚಿಟ್ಟರು. ದೇಹವನ್ನು ಗುಟ್ಟಾಗಿ ಕೋಲಾರಕ್ಕೆ ಸಾಗಿಸಿ ಅಪ್ಪ ಫತೇ ಮುಹಮ್ಮದನ ಗೋರಿಯ ಬಳಿ ಇಟ್ಟರು. ಅದು ಶ್ರೀರಂಗಪಟ್ಟಣದ ಗುಂಬಜಿಗೆ ಹೋದದ್ದು ಆಮೇಲೆ.