ಮೂಕಚಿತ್ರದ ಪ್ರೇಮಕಥಕ ಹಿಮಾಂಶು ರಾಯ್

ಪ್ರೇಮವನ್ನು ತಿಳಿಸಲು ಮಾತೇ ಬೇಕೆಂಬುದು ಸಾಮಾನ್ಯರ ನಂಬಿಕೆ. ಆದರೆ ತೆರೆಯ ಮೇಲೆ ಒಂದು ನುಡಿಯೂ ಕೇಳಿಸದ ಕಾಲದಲ್ಲಿ ಪ್ರೇಮಕಥೆಗಳನ್ನು ಹೇಳಿ, ಪೂರ್ವ ಪಶ್ಚಿಮಗಳೆರಡರ ಪ್ರೇಕ್ಷಕರನ್ನೂ ಮುಟ್ಟಿದ ಭಾರತೀಯರೊಬ್ಬರಿದ್ದರು. ಅವರೇ ಹಿಮಾಂಶು ರಾಯ್.

1892ರಲ್ಲಿ ವಂಗೀಯ ಶ್ರೀಮಂತ ಮನೆತನವೊಂದರಲ್ಲಿ ಜನಿಸಿದ ರಾಯರು ನ್ಯಾಯಶಾಸ್ತ್ರದ ವ್ಯಾಸಂಗಕ್ಕೆಂದು ಲಂಡನ್ನಿಗೆ ತೆರಳಿದರು. ಅಲ್ಲಿ ನ್ಯಾಯಾಲಯಕ್ಕಿಂತ ರಂಗಭೂಮಿಯೇ ಅವರನ್ನು ಸೆಳೆಯಿತು. ನಾಟಕಕಾರ ನಿರಂಜನ ಪಾಲರ ಸ್ನೇಹವೂ ಒದಗಿತು. ಮುಂದೆ ಜರ್ಮನಿಯ ಮ್ಯೂನಿಕ್ ನಗರದ ಎಮೆಲ್ಕಾ ಸಂಸ್ಥೆಯೊಡನೆ ಕೂಡಿ, ನಿರ್ದೇಶಕ ಫ್ರಾಂಜ್ ಓಸ್ಟೆನ್ನರ ನೆರವಿನಿಂದ 1925ರಲ್ಲಿ ‘ಪ್ರೇಮ ಸನ್ಯಾಸ’ವನ್ನು ತಯಾರಿಸಿದರು. ಗೌತಮನ ಪಾತ್ರವನ್ನು ತಾವೇ ಧರಿಸಿದರು.

1928ರ ‘ಶಿರಾಜ್’ ಅವರ ಹೃದಯಂಗಮ ಕೃತಿ. ಅದು ಇತಿಹಾಸವಲ್ಲ, ಕಲ್ಪನೆ. ಕುಂಬಾರನ ಮಗ ಶಿರಾಜನು ಒಡನೆ ಬೆಳೆದ ಸಲೀಮಾಳನ್ನು ಪ್ರೀತಿಸುತ್ತಾನೆ. ಆಕೆಯಾದರೋ ರಾಜಕುಮಾರ ಖುರ್ರಮನಿಗೆ ಒಲಿದು ಮುಮ್ತಾಜ್ ಮಹಲ್ ಆಗುತ್ತಾಳೆ. ಆಕೆ ಮಡಿದ ಮೇಲೆ, ಕಣ್ಣು ಕಳೆದುಕೊಂಡಿದ್ದ ಶಿರಾಜನೇ ತಾಜಮಹಲಿನ ಮಾದರಿಯನ್ನು ರೂಪಿಸುತ್ತಾನೆ. ಕಟ್ಟಿಸಿದವನ ಹೆಸರು ಉಳಿಯಿತು. ಮೌನವಾಗಿ ಪ್ರೀತಿಸಿದವನ ಕೈಗೆಲಸವೂ ಉಳಿಯಿತು. ಶಿರಾಜನಾಗಿ ರಾಯರೇ ನಟಿಸಿದರು. ನಾಯಿಕೆ ಏಣಾಕ್ಷಿ ರಾಮರಾವ್ ಮುಂದೆ ನಮ್ಮ ಟಿ. ಪಿ. ಕೈಲಾಸಂ ಅವರೊಡನೆ ‘ವಸಂತಸೇನಾ’ ಮೂಕಚಿತ್ರದಲ್ಲಿಯೂ ಅಭಿನಯಿಸಿದರೆಂಬುದು ಕನ್ನಡಿಗರಿಗೆ ಸಂತಸದ ಸಂಗತಿ.

1929ರಲ್ಲಿ ಮಹಾಭಾರತದ ದ್ಯೂತಪ್ರಸಂಗದಿಂದ ಪ್ರೇರಿತವಾದ ‘ಪ್ರಪಂಚ ಪಾಶ’ ಸಿದ್ಧವಾಯಿತು. ಅದೇ ವರ್ಷ ರಾಯರು ದೇವಿಕಾರಾಣಿಯವರನ್ನು ವರಿಸಿದರು. ವಾಕ್ಚಿತ್ರಗಳ ಯುಗ ಬಂದಾಗ, 1934ರಲ್ಲಿ ದಂಪತಿಗಳು ಬಾಂಬೆ ಟಾಕೀಸನ್ನು ಸ್ಥಾಪಿಸಿದರು. 1936ರ ‘ಅಛೂತ್ ಕನ್ಯಾ’ ಅದರ ಕೀರ್ತಿಯನ್ನು ಹರಡಿತು. 1939ರಲ್ಲಿ ಯುದ್ಧವಾರಂಭವಾಗಿ ಓಸ್ಟೆನ್ ಮೊದಲಾದ ಜರ್ಮನ್ ಸಹೋದ್ಯೋಗಿಗಳು ಸೆರೆಯಾದರು. ಮರುವರ್ಷವೇ, 1940ರಲ್ಲಿ, ರಾಯರು ಅಕಾಲ ಮರಣಕ್ಕೀಡಾದರು. ದೇವಿಕಾರಾಣಿಯವರು ಕಾಲಾಂತರದಲ್ಲಿ ಚಿತ್ರಕಾರ ಸ್ವೆತೊಸ್ಲಾವ್ ರೋರಿಕರನ್ನು ವಿವಾಹವಾಗಿ, ಬೆಂಗಳೂರಿನ ಬಳಿಯ ತಾತಗುಣಿಯಲ್ಲಿ ನೆಲೆಸಿದರು.

ಭಾರತದಲ್ಲಿ ತಯಾರಾದ ಸಾವಿರಕ್ಕೂ ಮಿಕ್ಕ ಮೂಕಚಿತ್ರಗಳಲ್ಲಿ ಇಂದು ಉಳಿದಿರುವುವು ತೀರ ವಿರಳ. ‘ಶಿರಾಜ್’ ಮಾತ್ರ ಲಂಡನ್ನಿನ ಬ್ರಿಟಿಷ್ ಫಿಲ್ಮ್ ಇನ್‌ಸ್ಟಿಟ್ಯೂಟಿನ ಆಶ್ರಯದಲ್ಲಿ ಉಳಿದು, 2017ರಲ್ಲಿ ಜೀರ್ಣೋದ್ಧಾರಗೊಂಡು, ಅನೌಷ್ಕಾ ಶಂಕರರ ಸಂಗೀತದೊಡನೆ ಮರಳಿ ತೆರೆಯನ್ನು ಕಂಡಿತು. ರಚಿಸಿದವರಷ್ಟೇ ರಕ್ಷಿಸಿದವರೂ ವಂದ್ಯರು. ಗಡಿಯಲ್ಲಿ ನಿಂತು ನುಡಿಯನ್ನು ಕಾಯುತ್ತಿರುವ ನಮಗೆ ಇದನ್ನು ಬೇರೆ ಹೇಳಬೇಕಾಗಿಲ್ಲ. ಆದರೂ ನಮ್ಮ ಹಿರಿಯರ ಪೆಟ್ಟಿಗೆಗಳಲ್ಲಿರುವ ಹಸ್ತಪ್ರತಿಗಳನ್ನೂ ಛಾಯಾಚಿತ್ರಗಳನ್ನೂ ಗೆದ್ದಲು ಹಿಡಿಯುವ ಮೊದಲೇ ತೆಗೆದು ನೋಡೋಣ.