ಬೆವರಿಗೂ ಲೆಕ್ಕ ಬರೆದ ಹಡಗಿನ ಡಾಕ್ಟರು

ನಾನು ಬರೆಯುವವನಲ್ಲ. ದುಬೈನಲ್ಲಿ ಹದಿನಾಲ್ಕು ವರ್ಷದಿಂದ ಎ.ಸಿ. ಟೆಕ್ನಿಷಿಯನ್. ವಾರ್ಷಿಕ ಸಂಚಿಕೆಗೆ ಏನಾದರೂ ಕೊಡಿ ಅಂತ ಗೆಳೆಯರು ಪ್ರತಿ ವರ್ಷ ಕೇಳ್ತಾರೆ, ನಾನು ಪ್ರತಿ ವರ್ಷ ತಪ್ಪಿಸಿಕೊಳ್ತೀನಿ. ಈ ಸಲ ಮಾತ್ರ ಒಬ್ಬ ಮನುಷ್ಯನ ಕತೆ ತಲೆಯೊಳಗೆ ಕೂತುಬಿಟ್ಟಿದೆ. ಅದನ್ನು ಇಳಿಸಿಕೊಳ್ಳಲು ಬರೆಯುತ್ತಿದ್ದೇನೆ.

ಊರಲ್ಲಿ ನನ್ನ ಮಗಳು ಪಿ.ಯು.ಸಿ. ಓದುತ್ತಿದ್ದಾಳೆ. ಕಳೆದ ಆಗಸ್ಟ್‌ನಲ್ಲಿ ವಿಡಿಯೋ ಕಾಲ್ ಮಾಡಿ, ಭೌತಶಾಸ್ತ್ರದ ಪುಸ್ತಕದಲ್ಲಿ 'ಮೇಯರ್ ಸಂಬಂಧ' ಅಂತ ಇದೆಯಲ್ಲ, ಈ ಮೇಯರ್ ಯಾವ ಊರಿನ ಮೇಯರ್ ಅಪ್ಪಾ ಎಂದು ತಮಾಷೆ ಮಾಡಿದಳು. ನನಗೂ ಗೊತ್ತಿರಲಿಲ್ಲ. ಹೊರಗಿನ ಕೆಲಸಕ್ಕೆ ಮಧ್ಯಾಹ್ನ ಬಿಡುವು ಕೊಡುವ ಕಾಲ ಅದು. ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ, 12.30ರಿಂದ 3 ಗಂಟೆ ತನಕ, ಬಿಸಿಲಲ್ಲಿ ಕೆಲಸ ಮಾಡಿಸುವಂತಿಲ್ಲ. ಆ ಎರಡೂವರೆ ಗಂಟೆಗಳಲ್ಲಿ ಮೊಬೈಲ್ ಹಿಡಿದು ಸ್ವಲ್ಪ ಸ್ವಲ್ಪವೇ ಓದಿದೆ.

ಯೂಲಿಯುಸ್ ರಾಬರ್ಟ್ ಮೇಯರ್ ಹುಟ್ಟಿದ್ದು 1814ರ ನವೆಂಬರ್ 25ರಂದು, ಜರ್ಮನಿಯ ನೆಕ್ಕಾರ್ ನದಿ ದಂಡೆಯ ಹೈಲ್‌ಬ್ರಾನ್ ಊರಿನಲ್ಲಿ. ತಂದೆಯದು ಔಷಧಿ ಅಂಗಡಿ. ಸುಮಾರು ಹತ್ತು ವರ್ಷದ ಹುಡುಗನಿದ್ದಾಗ ಹರಿಯುವ ನೀರಿಗೆ ಆಟದ ಚಕ್ರ ಇಟ್ಟು, ಆ ಚಕ್ರವೇ ನೀರನ್ನು ತಿರುಗಿ ಮೇಲಕ್ಕೆತ್ತುವಂತೆ ಮಾಡಿ, ನಿಲ್ಲದೆ ಓಡುವ ಯಂತ್ರ ಕಟ್ಟಲು ನೋಡಿದರಂತೆ. ಓಡಲಿಲ್ಲ. ಏನೂ ಹಾಕದೆ ಕೆಲಸ ತೆಗೆಯಲು ಆಗಲ್ಲ ಅನ್ನೋದು ಆಗಲೇ ಆ ಹುಡುಗನ ಮನಸ್ಸಿನಲ್ಲಿ ಉಳಿಯಿತು.

ಮುಂದೆ ಟ್ಯೂಬಿಂಗನ್‌ನಲ್ಲಿ ವೈದ್ಯಕೀಯ ಓದಿದರು. ಊರಲ್ಲೇ ಇದ್ದು ಹೆಸರು ಮಾಡಬಹುದಿತ್ತು, ಆದರೆ ಪರದೇಶ ನೋಡುವ ಆಸೆ. 1840ರ ಫೆಬ್ರವರಿಯಲ್ಲಿ ರಾಟರ್‌ಡ್ಯಾಮ್‌ನಿಂದ ಹೊರಟ ಡಚ್ಚರ 'ಜಾವಾ' ಎಂಬ ಹಡಗಿಗೆ ಡಾಕ್ಟರಾಗಿ ಸೇರಿಕೊಂಡರು. ವಯಸ್ಸು 25. ನಾವೆಲ್ಲ ಮೊದಲ ಸಲ ವಿಮಾನ ಹತ್ತಿದ ವಯಸ್ಸು, ಅಲ್ವಾ? ನಮ್ಮದು ನಾಲ್ಕು ಗಂಟೆಯ ದಾರಿ, ಅವರದು ಮೂರು ತಿಂಗಳಿಗೂ ಮಿಕ್ಕಿದ್ದು. ಆ ದಾರಿಯಲ್ಲಿ ಹಡಗು ನಡೆಸುವವನೊಬ್ಬ, ಬಿರುಗಾಳಿಗೆ ಹೊಯ್ದಾಡಿದ ಸಮುದ್ರದ ನೀರು ಶಾಂತವಾದ ನೀರಿಗಿಂತ ಬೆಚ್ಚಗಿರುತ್ತದೆ ಎಂದು ಹೇಳಿದ್ದು ಅವರ ಕಿವಿಯಲ್ಲಿ ಉಳಿಯಿತು.

ಈಗಿನ ಇಂಡೋನೇಷ್ಯಾದ ಜಾವಾ ದ್ವೀಪ ಮುಟ್ಟಿದ ಮೇಲೆ ಕೆಲವು ನಾವಿಕರಿಗೆ ಕಾಯಿಲೆಯಾಯಿತು. ಆ ಕಾಲದ ಪದ್ಧತಿಯಂತೆ ಮೇಯರ್ ಅವರ ತೋಳಿನಿಂದ ರಕ್ತ ತೆಗೆದರು. ಅಭಿಧಮನಿಯ ರಕ್ತ ಕಪ್ಪುಗೆಂಪಾಗಿರಬೇಕು. ಇಲ್ಲಿ ಕೆಂಪಗೆ ಹೊಳೆಯುತ್ತಿತ್ತು. ತಪ್ಪಿ ಬೇರೆ ರಕ್ತನಾಳ ಕೊಯ್ದೆನೇನೋ ಎಂದು ಗಾಬರಿಯಾಯಿತು. ಸೆಕೆಯ ನಾಡಿನಲ್ಲಿ ಇದು ಹೀಗೇ ಎಂದು ಅಲ್ಲಿನ ವೈದ್ಯರಿಗೆ ಗೊತ್ತಿತ್ತು. ಬೇರೆಯವರಾಗಿದ್ದರೆ ಅಲ್ಲಿಗೇ ಬಿಡುತ್ತಿದ್ದರು. ಮೇಯರ್ ಬಿಡಲಿಲ್ಲ. ಊರು ನೋಡುವುದೂ ಬಿಟ್ಟು ಹೆಚ್ಚು ಸಮಯ ಹಡಗಿನಲ್ಲೇ ಕೂತು ಯೋಚಿಸಿದರು.

ಅವರ ಯೋಚನೆ ಹೀಗಿತ್ತು. ದೇಹದೊಳಗೆ ಅನ್ನ ನಿಧಾನವಾಗಿ ಉರಿಯುತ್ತದೆ, ಅದರಿಂದಲೇ ಮೈ ಬೆಚ್ಚಗಿರುತ್ತದೆ ಎಂದು ಲಾವಾಸಿಯೇ ಮೊದಲೇ ತೋರಿಸಿದ್ದರು. ಹೊರಗೆ ಸೆಕೆಯಿದ್ದರೆ ಒಳಗಿನ ಒಲೆ ಸಣ್ಣಗೆ ಉರಿದರೆ ಸಾಕು. ಆಮ್ಲಜನಕ ಕಡಿಮೆ ಖರ್ಚಾಗಿ ರಕ್ತ ಕೆಂಪಾಗೇ ಉಳಿಯುತ್ತದೆ. ಈಗಿನ ವೈದ್ಯರ ವಿವರಣೆ ಸ್ವಲ್ಪ ಬೇರೆ: ಸೆಕೆಗೆ ಚರ್ಮದ ರಕ್ತನಾಳಗಳು ಅಗಲವಾಗಿ ರಕ್ತ ಜಾಸ್ತಿ ಹರಿಯುವುದರಿಂದ ಹಾಗಾಗುತ್ತದೆ. ಆದರೆ ಮೇಯರ್ ಅಲ್ಲಿಂದ ಮುಂದಿನ ಹೆಜ್ಜೆ ಇಟ್ಟರು. ಮನುಷ್ಯ ಬರೀ ಬೆಚ್ಚಗಿರುವುದಿಲ್ಲ, ಕೆಲಸವನ್ನೂ ಮಾಡುತ್ತಾನೆ. ಭಾರ ಎತ್ತುತ್ತಾನೆ, ಉಜ್ಜುತ್ತಾನೆ, ಉಜ್ಜಿದಲ್ಲಿ ಮತ್ತೆ ಬಿಸಿ ಹುಟ್ಟುತ್ತದೆ. ಇದೆಲ್ಲಕ್ಕೂ ಮೂಲ ಆ ಒಂದೇ ಅನ್ನ. ಹಾಗಿದ್ದರೆ ಶಾಖವೂ ಕೆಲಸವೂ ಬೇರೆ ಬೇರೆಯಲ್ಲ, ಒಂದೇ ಶಕ್ತಿಯ ಎರಡು ರೂಪ. ರೂಪ ಬದಲಾಗುತ್ತದೆ, ಲೆಕ್ಕ ತಪ್ಪುವುದಿಲ್ಲ.

1841ರಲ್ಲಿ ಊರಿಗೆ ಬಂದವರೇ ಇದನ್ನು ಬರೆದು ಭೌತಶಾಸ್ತ್ರದ ದೊಡ್ಡ ಪತ್ರಿಕೆಯೊಂದಕ್ಕೆ ಕಳಿಸಿದರು. ಪ್ರಕಟವಾಗಲಿಲ್ಲ, ಉತ್ತರವೂ ಬರಲಿಲ್ಲ. ಬರಹದಲ್ಲಿ ಭೌತಶಾಸ್ತ್ರದ ತಪ್ಪುಗಳಿದ್ದವು ನಿಜ. ಅವರು ಮತ್ತೆ ಗಣಿತ ಕಲಿತು, ತಿದ್ದಿ ಬರೆದರು. 1842ರಲ್ಲಿ ಅದು ರಸಾಯನಶಾಸ್ತ್ರಜ್ಞ ಲೀಬಿಗ್ ಅವರ ಪತ್ರಿಕೆಯಲ್ಲಿ ಬಂತು.

ನನ್ನ ಮಗಳ ಪಾಠ ಇರುವುದು ಇಲ್ಲೇ. ಮುಚ್ಚಿದ ಡಬ್ಬಿಯಲ್ಲಿ ಗಾಳಿ ಬಿಸಿ ಮಾಡಲು ಒಂದಿಷ್ಟು ಶಾಖ ಬೇಕು. ಅದೇ ಗಾಳಿ ಪಿಸ್ಟನ್ ತಳ್ಳುತ್ತಾ ಹಿಗ್ಗಲು ಬಿಟ್ಟು, ಅಷ್ಟೇ ಡಿಗ್ರಿ ಬಿಸಿ ಮಾಡಿ ನೋಡಿ, ಹೆಚ್ಚು ಶಾಖ ಬೇಕು. ಆ ಹೆಚ್ಚಿನದ್ದು ಎಲ್ಲಿ ಹೋಯ್ತು? ಪಿಸ್ಟನ್ ತಳ್ಳುವ ಕೆಲಸಕ್ಕೆ ಹೋಯ್ತು. ಇದರಿಂದ ಮೇಯರ್ ಲೆಕ್ಕ ಹಾಕಿದರು: ನೀರನ್ನು ಒಂದು ಡಿಗ್ರಿ ಬಿಸಿ ಮಾಡುವ ಶಾಖ, ಅಷ್ಟೇ ತೂಕವನ್ನು ಸುಮಾರು 365 ಮೀಟರ್ ಮೇಲೆತ್ತುವ ಕೆಲಸಕ್ಕೆ ಸಮ. ಸರಿಯಾದ ಸಂಖ್ಯೆ ಸುಮಾರು 427. ಅವರಿಗೆ ಸಿಕ್ಕ ಅಳತೆಗಳು ಅಷ್ಟು ನಿಖರವಾಗಿರಲಿಲ್ಲ, ದಾರಿ ಸರಿಯಿತ್ತು. ನಮ್ಮ ಲೆಕ್ಕದಲ್ಲಿ ಹೇಳೋದಾದರೆ, 828 ಮೀಟರಿನ ಬುರ್ಜ್ ಖಲೀಫಾದ ತುದಿಯಿಂದ ನೀರು ಬಿದ್ದು, ಬಿದ್ದ ರಭಸವೆಲ್ಲ ಶಾಖವಾಗಿ ಆ ನೀರಿನಲ್ಲೇ ಉಳಿದರೂ, ಅದು ಬಿಸಿಯಾಗುವುದು ಎರಡು ಡಿಗ್ರಿಗೂ ಕಡಿಮೆ. ಒಂದು ಲೋಟ ಚಹಾ ಕಾಯಿಸಲು ಎಷ್ಟು ಶಕ್ತಿ ಬೇಕು ಅಂತ ಈಗ ಊಹೆ ಮಾಡಿ!

1845ರಲ್ಲಿ ಕೈಯಿಂದ ದುಡ್ಡು ಹಾಕಿ ಇನ್ನೊಂದು ಪುಸ್ತಕ ತಂದರು. ಸೂರ್ಯನ ಬೆಳಕನ್ನು ಗಿಡಗಳು ಕೂಡಿಡುತ್ತವೆ, ಅದೇ ನಮಗೆ ಅನ್ನ, ಅದೇ ಸೌದೆ ಎಂದು ತೋರಿಸಿದರು. ಯಾರೂ ಗಮನಿಸಲಿಲ್ಲ. ಅಷ್ಟರಲ್ಲಿ ಇಂಗ್ಲೆಂಡಿನ ಜೇಮ್ಸ್ ಜೌಲ್ ನೀರಿನಲ್ಲಿ ಚಕ್ರ ತಿರುಗಿಸಿ ಇದೇ ಸಂಗತಿಯನ್ನು ಅಳೆದು ತೋರಿಸಿದ್ದರು. ಜೌಲ್ ಅವರದ್ದೂ ಸ್ವಂತ ಶ್ರಮವೇ, ಅದರಲ್ಲಿ ಕದ್ದದ್ದೇನಿಲ್ಲ. ಆದರೆ ಮೊದಲು ಯಾರು ಎಂಬ ಜಗಳ ಎದ್ದಾಗ ಮೇಯರ್ ಪರ ಮಾತಾಡುವವರಿರಲಿಲ್ಲ. ಪತ್ರಿಕೆಯಲ್ಲಿ ಗೇಲಿಯೂ ಆಯಿತು. 1848ರಲ್ಲಿ ಇಬ್ಬರು ಮಕ್ಕಳು ಒಬ್ಬರ ಹಿಂದೆ ಒಬ್ಬರು ತೀರಿಕೊಂಡಿದ್ದರು. 1850ರ ಮೇ ತಿಂಗಳಲ್ಲಿ, ನಿದ್ದೆಗೆಟ್ಟು ಬಳಲಿದ್ದ ಅವರು ಕಿಟಕಿಯಿಂದ ಹಾರಿದರು. ಪ್ರಾಣ ಉಳಿಯಿತು. ಆಮೇಲೆ ಮಾನಸಿಕ ಆಸ್ಪತ್ರೆ, ಅಲ್ಲಿ ಕಟ್ಟಿಹಾಕುವ ಚಿಕಿತ್ಸೆ. 1853ರಲ್ಲಿ ಹೊರಬಂದರೂ, ಅವರು ಸತ್ತೇ ಹೋದರು ಎಂದು ದೊಡ್ಡವರೇ ನಂಬಿ ಹೇಳುವಷ್ಟು ಜಗತ್ತು ಅವರನ್ನು ಮರೆತಿತ್ತು. ಮೇಯರ್ ತಮ್ಮೂರಲ್ಲಿ ರೋಗಿಗಳನ್ನು ನೋಡುತ್ತಾ ಬದುಕಿದ್ದರು.

1862ರಲ್ಲಿ ಲಂಡನ್ನಿನಲ್ಲಿ ಜಾನ್ ಟಿಂಡಾಲ್ ಎಂಬ ವಿಜ್ಞಾನಿ ತುಂಬಿದ ಸಭೆಯಲ್ಲಿ ಮೇಯರ್ ಅವರ ಕೆಲಸವನ್ನು ಎತ್ತಿ ಹೇಳಿದರು. ರಾಯಲ್ ಸೊಸೈಟಿಯ ಕೋಪ್ಲಿ ಪದಕ 1870ರಲ್ಲಿ ಜೌಲ್ ಅವರಿಗೆ, 1871ರಲ್ಲಿ ಮೇಯರ್ ಅವರಿಗೆ ಬಂತು. 1878ರ ಮಾರ್ಚ್ 20ರಂದು ಹೈಲ್‌ಬ್ರಾನ್‌ನಲ್ಲೇ ಕ್ಷಯರೋಗದಿಂದ ತೀರಿಕೊಂಡರು. ನಾನು ರಿಪೇರಿ ಮಾಡುವ ಪ್ರತಿ ಎ.ಸಿ.ಯ ಮೇಲೂ ಕಿಲೋವ್ಯಾಟ್ ಎಂದಿರುತ್ತದೆ. ಅಂದರೆ ಸೆಕೆಂಡಿಗೆ ಸಾವಿರ ಜೌಲ್. ಮೇಯರ್ ಹೆಸರಿನ ಅಳತೆ ಯಾವುದೂ ಇಲ್ಲ.

ಇದನ್ನು ಓದಿದ ಮೇಲೆ ಎರಡು ವಿಷಯ ನನ್ನಲ್ಲಿ ಬದಲಾದವು. ಒಂದು, ನೀರು ಕುಡಿಯುವುದು. ಸ್ನಾಯು ಕೆಲಸ ಮಾಡಿದಾಗ ಅನ್ನದ ಶಕ್ತಿಯಲ್ಲಿ ಕಾಲು ಭಾಗದಷ್ಟೂ ಕೆಲಸವಾಗುವುದು ಕಷ್ಟ, ಉಳಿದದ್ದು ಮೈಯೊಳಗೆ ಶಾಖವಾಗುತ್ತದೆ. ಅದನ್ನು ಹೊರಹಾಕುವುದು ಆರುವ ಬೆವರು. ಆಗಸ್ಟಿನ ತೇವದ ಗಾಳಿಯಲ್ಲಿ ಬೆವರು ಆರದೆ ತೊಟ್ಟಿಕ್ಕುತ್ತದೆ. ತೊಟ್ಟಿಕ್ಕಿದ ಬೆವರು ಮೈ ತಂಪು ಮಾಡಲ್ಲ, ನೀರು ಮಾತ್ರ ಕಳೆಯುತ್ತದೆ. ಹುಡುಗರೇ, ತಲೆ ಸುತ್ತಿದರೆ ಮರ್ಯಾದೆ ನೋಡಬೇಡಿ, ನೆರಳಿಗೆ ಬನ್ನಿ.

ಎರಡನೆಯದು, ನಮ್ಮ ರೂಮಿನ ಮಾತು. ಕೆಲವು ವರ್ಷದ ಹಿಂದೆ ನಮ್ಮ ಜೊತೆಗಿದ್ದ ಒಬ್ಬ, ಊರಲ್ಲಿ ತಾಯಿ ತೀರಿದ ಸುದ್ದಿ ಬಂದ ಮೇಲೆ ಮಾತೇ ನಿಲ್ಲಿಸಿದ. ಊಟ ಬಿಟ್ಟ, ರಾತ್ರಿಯೆಲ್ಲ ಎದ್ದು ಕೂರುತ್ತಿದ್ದ. ನಾವು ಸುಸ್ತಾಗಿದ್ದೆವು, ಮಲಗಿದೆವು. ಎರಡು ತಿಂಗಳಿಗೆ ಕೆಲಸ ಬಿಟ್ಟು ಹೋದ, ಮತ್ತೆ ಸಂಪರ್ಕವಿಲ್ಲ. ಮೇಯರ್ ಕತೆ ಓದುವಾಗ ಅವನ ಮುಖವೇ ಕಣ್ಣೆದುರು ಬರುತ್ತಿತ್ತು. ಈಗ ನಮ್ಮ ರೂಮಿನಲ್ಲಿ ಯಾರಾದರೂ ಸುಮ್ಮನಾದರೆ, ನಾನು ಎರಡು ಲೋಟ ಚಹಾ ಮಾಡಿ ಪಕ್ಕದಲ್ಲಿ ಹೋಗಿ ಕೂರುತ್ತೇನೆ.

ಮಗಳಿಗೆ ಫೋನ್ ಮಾಡಿ ಇಷ್ಟನ್ನೂ ಹೇಳಿದೆ. ಕತೆ ಪರೀಕ್ಷೆಗೆ ಬರಲ್ಲ ಅಪ್ಪಾ ಎಂದಳು. ಆದರೂ ಪೂರ್ತಿ ಕೇಳಿಸಿಕೊಂಡಳು.