ಅಕ್ಷರ ತಿದ್ದಿದ ರೆನ್ನರ್

ಅಚ್ಚಾದ ಪುಟ ಓದುವಾಗ ಕವಿಯನ್ನು ಹೊಗಳುತ್ತೇವೆ, ಸಂಪಾದಕರನ್ನು ಬೈಯುತ್ತೇವೆ. ಅಕ್ಷರದ ಆಕಾರ ಮಾಡಿದವರು ಯಾರು ಅಂತ ಮಾತ್ರ ಯಾರೂ ಕೇಳುವುದಿಲ್ಲ. ಕಾಮರ್ಸ್ ಓದುವ ನನಗೂ ಅದರ ಗೊಡವೆ ಇರಲಿಲ್ಲ. ಆದರೆ ಪೌಲ್ ರೆನ್ನರನ ಜೀವನ ತಿಳಿದ ಮೇಲೆ ನಿಮಗೂ ಹೇಳಬೇಕೆನಿಸಿತು.

ರೆನ್ನರ್ ಹುಟ್ಟಿದ್ದು 1878ರಲ್ಲಿ, ಜರ್ಮನಿಯ ವೆರ್ನಿಗೆರೋಡೆಯಲ್ಲಿ. ಕಲಿತದ್ದು ಚಿತ್ರಕಲೆ; ಹೊಟ್ಟೆಪಾಡಿಗೆ ಹಿಡಿದದ್ದು ಮ್ಯೂನಿಕ್ಕಿನಲ್ಲಿ ಪುಸ್ತಕಗಳ ವಿನ್ಯಾಸ. ಆಗ ಜರ್ಮನ್ ಪುಸ್ತಕಗಳು ಹೆಚ್ಚಾಗಿ ಫ್ರಾಕ್ಟೂರ್ ಎಂಬ ಮುರಿಮುರಿಯಾದ, ದಟ್ಟ ಕಪ್ಪಿನ ಹಳೇ ಲಿಪಿಯಲ್ಲಿ ಬರುತ್ತಿದ್ದವು. ರೆನ್ನರ್ 1924ರ ಸುಮಾರಿಗೆ ವೃತ್ತ, ತ್ರಿಕೋನ, ಚೌಕಗಳ ಆಧಾರದ ಮೇಲೆ, ತುದಿಯಲ್ಲಿ ಬಾಲವಿಲ್ಲದ ರೋಮನ್ ಅಕ್ಷರಗಳನ್ನು ಬರೆಯತೊಡಗಿದ. ಫ್ರಾಂಕ್‌ಫರ್ಟಿನ ಬಾವರ್ ಕಾರ್ಖಾನೆ 1927ರಲ್ಲಿ ಅದರ ಅಚ್ಚುಮೊಳೆಗಳನ್ನು ಎರಕ ಹೊಯ್ದು ಮಾರಾಟಕ್ಕೆ ಬಿಟ್ಟಿತು. ಹೆಸರು ಫ್ಯೂಚುರಾ.

ಕೈವಾರ, ಪಟ್ಟಿ ಇದ್ದರೆ ಸಾಕು ಅಂದುಕೊಳ್ಳಬೇಡಿ. ನಮ್ಮ ಬ್ಯಾಲೆನ್ಸ್ ಶೀಟಿನಲ್ಲಿ ಎರಡೂ ಕಡೆ ತಾಳೆಯಾದರೆ ಕೆಲಸ ಮುಗಿಯಿತು. ಅಕ್ಷರದಲ್ಲಿ ಲೆಕ್ಕ ತಾಳೆಯಾದರೂ ಕಣ್ಣು ಒಪ್ಪಬೇಕಲ್ಲ! ಬಾಗಿದ ಗೆರೆ ನೇರ ಗೆರೆಗೆ ಕೂಡುವ ಕಡೆ ಒಂದಿಷ್ಟು ತೆಳುವಾಗದಿದ್ದರೆ ಅಲ್ಲಿ ಮಸಿ ಮೆತ್ತಿದಂತೆ ಕಾಣುತ್ತದೆ. ಅದಕ್ಕೇ ಫ್ಯೂಚುರಾದ ಗೆರೆಗಳು ಒಂದೇ ದಪ್ಪ ಅನ್ನಿಸಿದರೂ ಒಂದೇ ದಪ್ಪ ಇಲ್ಲ. ರೆನ್ನರ್ ಮೊದಲು ಬರೆದ ಕೆಲವು ವಿಚಿತ್ರ ಆಕಾರಗಳನ್ನೂ ಓದುಗರ ಹಿತಕ್ಕಾಗಿ ಕೈಬಿಡಲಾಯಿತು.

ಅಷ್ಟರಲ್ಲಿ ರೆನ್ನರ್ ಮ್ಯೂನಿಕ್ಕಿನ ಮುದ್ರಣ ಶಾಲೆಯ ಮುಖ್ಯಸ್ಥನಾಗಿದ್ದ. ನಾಜಿಗಳ ಗದ್ದಲ ಹೆಚ್ಚುತ್ತಿತ್ತು. ಅವರು ಹೊಸ ಕಲೆಯನ್ನೆಲ್ಲ ದೇಶದ್ರೋಹ ಎನ್ನುತ್ತಿದ್ದಾಗ, ಅದು ತಪ್ಪು ಅಂತ 1932ರಲ್ಲಿ ಒಂದು ಸಣ್ಣ ಪುಸ್ತಕ ಬರೆದ. ಅದು ಸ್ವಿಟ್ಜರ್ಲೆಂಡಿನಲ್ಲಿ ಪ್ರಕಟವಾಯಿತು. ಮರುವರ್ಷವೇ ಬಂಧನ, ಆಮೇಲೆ ಕೆಲಸವೂ ಹೋಯಿತು. ಬಾಯಿ ಮುಚ್ಚಿಕೊಂಡಿದ್ದರೆ ಕುರ್ಚಿ ಉಳಿಯುತ್ತಿತ್ತೋ ಏನೋ. ವಯಸ್ಸು ಐವತ್ತು ದಾಟಿದವನು, ಆದರೂ ಸುಮ್ಮನಿರಲಿಲ್ಲ. ನನ್ನನ್ನು ಹಿಡಿದು ನಿಲ್ಲಿಸಿದ್ದು ಇದೇ.

ವಿಪರ್ಯಾಸ ನೋಡಿ. ಫ್ರಾಕ್ಟೂರನ್ನು ಅಪ್ಪಟ ಜರ್ಮನ್ ಲಿಪಿ ಅಂತ ಮೆರೆಸಿದ ಅದೇ ಸರ್ಕಾರ 1941ರಲ್ಲಿ, ಅದು ಯಹೂದಿಗಳ ಲಿಪಿ ಅಂತ ಸುಳ್ಳು ಹೇಳಿ ಕೈಬಿಟ್ಟಿತು! ಗೆದ್ದ ದೇಶಗಳ ಜನಕ್ಕೆ ಆ ಅಕ್ಷರ ಓದಲು ಬರುತ್ತಿರಲಿಲ್ಲ ಅನ್ನುವುದು ಒಳಗಿನ ಮಾತು. ಅಷ್ಟು ಹೊತ್ತಿಗೆ ರೆನ್ನರ್ ಕೆಲಸ ಕಳೆದುಕೊಂಡು ಎಂಟು ವರ್ಷವಾಗಿತ್ತು.

ರೆನ್ನರ್ 1956ರಲ್ಲಿ ತೀರಿಕೊಂಡ. ಅಕ್ಷರ ಮಾತ್ರ ನಡೆಯುತ್ತಲೇ ಹೋಯಿತು. ಫೋಕ್ಸ್‌ವ್ಯಾಗನ್ ಕಾರಿನ ಜಾಹೀರಾತುಗಳಿಗೆ ಬಂತು, ಪುಸ್ತಕ, ಸಿನಿಮಾಗಳಿಗೆ ಬಂತು. 1969ರಲ್ಲಿ ಅಪೋಲೋ 11 ಚಂದ್ರನ ಮೇಲೆ ಬಿಟ್ಟುಬಂದ ಫಲಕದ ಅಕ್ಷರಗಳೂ ಫ್ಯೂಚುರಾವೇ. ಇವತ್ತಿಗೂ ಕಂಪ್ಯೂಟರಿನಲ್ಲಿ ಹುಡುಕಿದರೆ ಸಿಗುತ್ತದೆ.

ಅವನ ಬಾಯಿ ಮುಚ್ಚಿಸಿದವರ ಆಳ್ವಿಕೆ ಹನ್ನೆರಡೇ ವರ್ಷಕ್ಕೆ ಮುಗಿಯಿತು. ಅವನ ಅಕ್ಷರವನ್ನು ಜಗತ್ತು ಇನ್ನೂ ಓದುತ್ತಿದೆ. ಲಾಭ-ನಷ್ಟದ ಲೆಕ್ಕ ಕಲಿಯುತ್ತಿರುವ ನನಗೆ ಈ ಖಾತೆಯನ್ನು ಯಾವ ಕಡೆ ಬರೆಯಬೇಕೆಂಬ ಅನುಮಾನವಿಲ್ಲ.